ಚಿತ್ರಸುರುಳಿಯ ಆರೋಗ್ಯ

ಮನುಷ್ಯರಂತೆ ಚಲನಚಿತ್ರದ ಸುರುಳಿಗೂ ಮುಪ್ಪು, ವ್ಯಾಧಿಗಳುಂಟು. 1934ರಲ್ಲಿ ತೆರೆಕಂಡ ಪ್ರಥಮ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ.

ದಶಕಗಳ ಕಾಲ ಕನ್ನಡ ಚಿತ್ರಗಳ ತವರಾಗಿದ್ದ ಮದರಾಸಿನ ಹವೆಯೇ ಸುರುಳಿಗಳಿಗೆ ಶತ್ರು. ಸೆಕೆ, ತೇವಗಳು ಸೇರಿದಾಗ ಅಸಿಟೇಟ್ ಫಿಲ್ಮು ಶಿಥಿಲಗೊಂಡು ಅಸಿಟಿಕ್ ಆಮ್ಲವನ್ನು ಹೊರಸೂಸುತ್ತದೆ. ಡಬ್ಬಿ ತೆರೆದೊಡನೆ ವಿನಿಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಸುರುಳಿ ಕುಗ್ಗಿ, ಸೊಟ್ಟಗಾಗಿ, ಪ್ರೊಜೆಕ್ಟರಿನ ಹಲ್ಲುಗಳಿಗೆ ಹೊಂದದಂತಾಗುತ್ತದೆ. ಬಳಿಯ ಸುರುಳಿಗೂ ಈ ವ್ಯಾಧಿ ತಗಲಬಹುದು.

ಹಳೆಯ ದೆವ್ವದ ಚಿತ್ರಗಳ ಸಂಗ್ರಾಹಕರನ್ನು ಕಾಡುವ ನಿಜವಾದ ಭೂತ ಇದೇ. ಅನಂತನಾಗ್, ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಮುಂತಾದ ಚಿತ್ರಗಳ ಭೀತಿ ಕತ್ತಲೆ ಕೋಣೆಯ ತೆರೆಯ ಮೇಲೆಯೇ ಸೊಗಸು. ಆದರೆ ಪ್ರತಿ ಪ್ರದರ್ಶನವೂ ಸುರುಳಿಯನ್ನು ಸವೆಸುತ್ತದೆ. ಪ್ರದರ್ಶಿಸದಿದ್ದರೆ ಚಿತ್ರವೇ ಮರೆವಿಗೆ ಸಲ್ಲುತ್ತದೆ.

ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ 2017ರಲ್ಲಿ ಚೆನ್ನೈಯಲ್ಲಿಯೇ ಸಂರಕ್ಷಣಾ ಶಿಬಿರ ನಡೆಸಿತು.

ವಾಚಕರ ಮನೆಯ ಅಟ್ಟದಲ್ಲಿ ಹಳೆಯ ಡಬ್ಬಿಗಳಿದ್ದರೆ ಗಾಳಿಯಾಡುವೆಡೆ, ಕೈಗವಸು ತೊಟ್ಟು ತೆರೆಯತಕ್ಕದ್ದು. ಆ ಆವಿಯು ಕಣ್ಣು, ಗಂಟಲುಗಳನ್ನು ಉರಿಸುತ್ತದೆ. ವಾಸನೆ ಹಿಡಿದ ಸುರುಳಿಯನ್ನು ಬೇರೆಯಾಗಿ, ತಂಪಾದ ಒಣ ಸ್ಥಳದಲ್ಲಿರಿಸಿ ತಜ್ಞರಿಗೆ ತೋರಿಸಬೇಕು. ಗುಜರಿಗೆ ಹಾಕುವುದು ಮಾತ್ರ ಬೇಡ. ಅದು ಕನ್ನಡಕ್ಕೆ ಉಳಿದ ಕಡೆಯ ಪ್ರತಿಯಾಗಿರಬಹುದು.