ನಿಮಗಿದು ಗೊತ್ತೇ? ಗಾಲಿಕುರ್ಚಿ ಮತ್ತು ಕುಣಿಯುವ ನಾಯಿಮರಿ

ಕನ್ನಡದಲ್ಲಿ ನಾಯಿಯೊಂದರ ಹೆಸರು ಸಾವಿರ ವರ್ಷದ ಹಿಂದೆಯೇ ಕಲ್ಲಿಗೆ ಏರಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949–50ರ ಸುಮಾರಿನದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಗಂಗರ ಇಮ್ಮಡಿ ಬೂತುಗ ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ, ಹಂದಿ ಇಂದಿಗೂ ಕಾದಾಡುತ್ತಲೇ ಇವೆ.

ನಮ್ಮನೆಯ ಕಾಳಿಗೆ ಹೆಸರು ಬಂದದ್ದು ಅಲ್ಲಿಂದ. ಒಂಬತ್ತು ತಿಂಗಳ ವಯಸ್ಸು. ಅರ್ಧ ಮುಧೋಳ, ಅರ್ಧ ಓಣಿಯ ತಳಿ. ತಾವರಗೇರಾ ಕಡೆಯ ಕುರಿಹಟ್ಟಿಯಲ್ಲಿ ಹುಟ್ಟಿದ್ದು. ಹಂದಿ ಹಾಗಿರಲಿ, ಗೋಡೆಯ ಮೇಲೆ ಹಲ್ಲಿ ಸರಿದರೂ ಮೂರು ಸುತ್ತು ಕುಣಿಯುತ್ತದೆ. ನನ್ನ ಓಡಾಟವೆಲ್ಲ ಗಾಲಿಕುರ್ಚಿಯ ಮೇಲೆ. ಕುಷ್ಟಗಿಯ ನಮ್ಮ ಓಣಿಯಲ್ಲಿ ಇಬ್ಬರೂ ಹೊರಟ ಮೊದಲ ದಿನವೇ ಕಟ್ಟಿ ಮೇಲಿನ ಅಜ್ಜ ಕೇಳಿದ್ದ: "ತಮ್ಮಾ, ನಾಯಿ ನಿನ್ನ ಎಳ್ಕೊಂಡು ಹೊಂಟೈತೊ, ನೀ ನಾಯಿನ ಕರ್ಕೊಂಡು ಹೊಂಟೀಯೊ?" ಆಗ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಓದಿ, ಕೇಳಿ, ಬಿದ್ದು ಕಲಿತದ್ದು ಇಷ್ಟು.

ಎಂಟು ತಿಂಗಳ ನಾಯಿ ಮಾತು ಕೇಳದಿದ್ದರೆ ಅದು ನಿಮ್ಮ ತಪ್ಪೇ ಆಗಬೇಕಿಲ್ಲ. 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅಂಧರ ಮಾರ್ಗದರ್ಶಿಗಳಾಗಲು ಬೆಳೆಯುತ್ತಿದ್ದ ಮರಿಗಳನ್ನು ಪರೀಕ್ಷಿಸಿದರು. ಐದನೇ ತಿಂಗಳಲ್ಲಿ ಹೇಳಿದಂತೆ ಕೂರುತ್ತಿದ್ದ ಮರಿಗಳು ಎಂಟನೇ ತಿಂಗಳಲ್ಲಿ ಸಾಕಿದವರ ಮಾತಿಗೆ ಕಿವುಡಾದವು. ತಮಾಷೆ ಎಂದರೆ ಅಪರಿಚಿತರು ಹೇಳಿದರೆ ಕೂರುತ್ತಿದ್ದವು! ಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಮತ್ತೆ ಹಾದಿಗೆ ಬರುತ್ತವೆ.

ನಾಯಿಯ ಹಗ್ಗವನ್ನು ಗಾಲಿಕುರ್ಚಿಯ ಕೈಗೆ ಕಟ್ಟಬಾರದು. ನಾನು ಕಟ್ಟಿದ್ದೆ. ಎದುರಿಗೆ ಒಂದು ಆಡು ಹಾಯ್ದದ್ದೇ ತಡ, ಕಾಳಿ ಅಡ್ಡಕ್ಕೆ ಜಿಗಿಯಿತು, ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ತಿರುಗಿ ಗಟಾರದ ಅಂಚಿಗೆ ಇಳಿದವು, ನಾನು ಮೊಣಕೈ ಕೆತ್ತಿಸಿಕೊಂಡು ಮಣ್ಣಲ್ಲಿ ಕೂತೆ. ಕಾರಣ ಸರಳ: ಸಣ್ಣ ಗಾಲಿಗಳು ಎಳೆದ ಕಡೆ ತಿರುಗಿಬಿಡುತ್ತವೆ, ಮೇಲಿನಿಂದ ಬಿದ್ದ ಅಡ್ಡ ಎಳೆತಕ್ಕೆ ಕುರ್ಚಿ ಮಗುಚುತ್ತದೆ. ನಡೆಯುವವರು ಕಾಲೂರಿ ನಿಲ್ಲುತ್ತಾರೆ; ನಾವು ಊರುವುದೆಲ್ಲಿ? ಹಾಗಾಗಿ ಹಗ್ಗ ಹಿಡಿದು ಜಗ್ಗಿ ಕಲಿಸುವ ಹಾದಿ ನಮಗೆ ಮೊದಲೇ ಮುಚ್ಚಿದೆ. ಜಗ್ಗದೆ ಕಲಿಸುವುದೇ ನಾಯಿಗೂ ಒಳ್ಳೆಯದೆಂದು ಈಗಿನ ತರಬೇತಿದಾರರೂ ಹೇಳುತ್ತಾರೆ. ನಮಗೆ ಅನಿವಾರ್ಯವಾದದ್ದು ಅವರಿಗೆ ಶಾಸ್ತ್ರ.

ತಿರುಗುವ ಗಾಲಿಯನ್ನು ಮರಿ ಕಚ್ಚಲು ಬರುವುದು ಸಿಟ್ಟಿನಿಂದಲ್ಲ. ಓಡುವುದೇನನ್ನು ಕಂಡರೂ ಅದಕ್ಕೆ ಆಟ. ಬೈದರೆ ಆಟಕ್ಕೆ ಇನ್ನೊಬ್ಬರು ಸೇರಿಕೊಂಡರು ಎಂದುಕೊಳ್ಳುತ್ತದೆ. ಮೂತಿ ಗಾಲಿಯ ಹತ್ತಿರ ಬಂದ ಕ್ಷಣ ಕುರ್ಚಿ ನಿಲ್ಲಬೇಕು, ಮೂತಿ ದೂರ ಹೋದ ಕ್ಷಣ ಹೊರಡಬೇಕು. ಗಾಲಿ ತಿರುಗುವುದೇ ಬಹುಮಾನ. ನಮ್ಮ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಲು ಮೊದಲ ದಿನ ಇಪ್ಪತ್ತು ನಿಮಿಷ ಹಿಡಿಯಿತು. ಆರನೇ ದಿನ ಒಂದೂ ಸಲ ನಿಲ್ಲಬೇಕಾಗಲಿಲ್ಲ.

ಇನ್ನೂ ಚಿಕ್ಕ ಮರಿ ತಂದಿದ್ದರೆ ಮೊದಲು ನಿಂತ ಕುರ್ಚಿಯ ಸುತ್ತ ಊಟ ಹಾಕಿ. ಕುರ್ಚಿ ಅಲುಗುವುದು ಆಮೇಲೆ.

ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಗಂಟೆಗೂ ಜೊಲ್ಲಿಗೂ ಅಲ್ಲ, ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಆದರೂ ನಾಯಿ ಕಲಿಸುವವರೆಲ್ಲ ಅವನ ಸಾಲಗಾರರೇ. ಸರಿಯಾದದ್ದನ್ನು ಮಾಡಿದ ಕ್ಷಣಕ್ಕೇ ಒಂದು ಸದ್ದು, ಸದ್ದಿನ ಹಿಂದೆಯೇ ತಿನಿಸು: ಇಷ್ಟೇ ಗುಟ್ಟು. ಪೇಟೆಯಲ್ಲಿ ಇದಕ್ಕೆಂದೇ ಕ್ಲಿಕ್ಕರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಅದನ್ನು ಒತ್ತಲು ಒಂದು ಕೈ ಬೇಕು, ನನ್ನ ಎರಡೂ ಕೈ ಗಾಲಿಯ ಮೇಲೆ. ಬಂಡಿ ಹೊಡೆಯುವ ರೈತ ಎತ್ತಿಗೆ ನಾಲಿಗೆಯಲ್ಲಿ 'ಟಕ್' ಅನ್ನುತ್ತಾನಲ್ಲ, ಅದನ್ನೇ ಎತ್ತಿಕೊಂಡೆ. ಖರ್ಚಿಲ್ಲ, ಮನೆಯಲ್ಲಿ ಮರೆತು ಬರುವ ಭಯವಿಲ್ಲ.

ತಿನಿಸು ಕೊಡುವುದೇ ದೊಡ್ಡ ಸಮಸ್ಯೆ. ಕುರ್ಚಿಯಿಂದ ಬಗ್ಗಲು ಆಗದವರು ಕೈ ಎತ್ತರದಲ್ಲೇ ಕೊಡುತ್ತಾರೆ. ಕೈ ಎತ್ತರದಲ್ಲಿ ಕೊಟ್ಟರೆ ನಾಯಿ ಕಲಿಯುವುದು ಮೇಲೆ ಜಿಗಿಯುವುದನ್ನೇ. ಪರಿಹಾರ ಹಿತ್ತಲಲ್ಲೇ ಬಿದ್ದಿತ್ತು. ಹೊಲಕ್ಕೆ ಹಾಕಿ ಉಳಿದ ಪಿವಿಸಿ ಪೈಪಿನ ಮೂರಡಿ ತುಂಡು. ಒಂದು ತುದಿ ನನ್ನ ತೊಡೆಯ ಪಕ್ಕ, ಇನ್ನೊಂದು ನೆಲದ ಮೇಲೆ, ದೊಡ್ಡ ಗಾಲಿಯ ಮಗ್ಗುಲಿಗೆ. ಮೇಲಿಂದ ಒಣ ರೊಟ್ಟಿಯ ಚೂರು ಬಿಟ್ಟರೆ 'ಸರ್ರ್' ಎಂದು ಇಳಿದು ಕಾಳಿಯ ಕಾಲ ಬಳಿ ಬೀಳುತ್ತದೆ. ನಾಯಿ ಎಲ್ಲಿ ನಡೆಯಬೇಕೋ ಅಲ್ಲೇ ಬೀಳಬೇಕು, ಅದು ಮುಖ್ಯ: ಗಾಲಿಗೆ ಸಿಗದಷ್ಟು ದೂರ, ಪಾದ ಇಡುವ ಪಟ್ಟಿಗಿಂತ ಮುಂದಲ್ಲ. ವಾರದಲ್ಲಿ ಕಾಳಿ ಜಿಗಿಯುವುದನ್ನು ಬಿಟ್ಟು ಪೈಪಿನ ಬಾಯಿ ಕಾಯತೊಡಗಿತು. ಈಗ ಅಡುಗೆಮನೆಯಲ್ಲಿ ಅವ್ವ ಜೋಳ ಕೇರಿದರೂ ಆ ಸದ್ದಿಗೆ ಓಡಿ ಬಂದು ನನ್ನ ಎಡಕ್ಕೆ ನಿಲ್ಲುತ್ತದೆ.

ಅಂದಹಾಗೆ, ನಾಯಿಗೆ ರೊಟ್ಟಿ ಹಿಡಿಸುವುದು ಬರೀ ರೂಢಿಯಲ್ಲ. 2013ರ ಸಂಶೋಧನೆಯೊಂದು ತೋಳಕ್ಕೂ ನಾಯಿಗೂ ಇರುವ ವ್ಯತ್ಯಾಸವನ್ನು ವಂಶವಾಹಿಗಳಲ್ಲಿ ಹುಡುಕಿತು. ಪಿಷ್ಟ ಅರಗಿಸುವ ಅಮೈಲೇಸ್ ತಯಾರಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಮನುಷ್ಯರ ಹಿಂದೆ ಬಂದು, ಅವರ ಒಕ್ಕಲುತನದ ಊಟಕ್ಕೆ ಒಗ್ಗಿ ನಾಯಿಯಾದ ಪ್ರಾಣಿ ಇದು. ಒಗ್ಗದೆ ಉಳಿದ ನೆಂಟರನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವೇ ಇದೆ.

ರೊಟ್ಟಿ ಸರಿ, ಉಳ್ಳಾಗಡ್ಡಿ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವೂ ನಾಯಿಗೆ ವಿಷ.

ಎಗರಿ ತೊಡೆಯ ಮೇಲೆ ಕಾಲಿಡುವುದನ್ನು ಜನ ಪ್ರೀತಿ ಎನ್ನುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನಲ್ಲಿ ಸ್ಪರ್ಶವಿಲ್ಲದವರಿಗೆ ಅದು ಅಪಾಯ. ಉಗುರು ಗೀರಿದ್ದು ತಿಳಿಯುವುದಿಲ್ಲ, ಸಂಜೆ ಬಟ್ಟೆ ಬದಲಿಸುವಾಗ ರಕ್ತದ ಕಲೆ ಕಂಡಾಗಲೇ ಗೊತ್ತು. ಅಂಥ ಚರ್ಮದ ಗಾಯ ಮಾಯಲು ದಿನಗಟ್ಟಲೆ ಹಿಡಿಯುತ್ತದೆ, ಕೀವಾದರೆ ತಿಂಗಳುಗಳೇ. ಆದ್ದರಿಂದ ಅಂಥವರು ನಾಯಿ ಸಾಕಿದರೆ ದಿನಾ ರಾತ್ರಿ ಕನ್ನಡಿ ಹಿಡಿದು ಕಾಲು ನೋಡಿಕೊಳ್ಳಬೇಕು, ನಾಯಿಯ ಉಗುರನ್ನೂ ಕತ್ತರಿಸುತ್ತಿರಬೇಕು. ತೊಡೆಗೆ ಬರುವುದನ್ನು ಪೂರ್ತಿ ಬಿಡಿಸಬೇಕಿಲ್ಲ. ದಪ್ಪ ಕಂಬಳಿಯ ಮಡಿಕೆ ತೊಡೆಯ ಮೇಲಿದ್ದು ನಾನು ಎರಡು ಸಲ ತಟ್ಟಿದರೆ ಮಾತ್ರ ಬಾ ಎಂಬುದು ನಮ್ಮಿಬ್ಬರ ಕರಾರು. ಕೊಪ್ಪಳದಲ್ಲಿ ಸಮೂಹ ಸಂಸ್ಥೆಯ 'ಸಾಮರ್ಥ್ಯ' ಬೆನ್ನುಹುರಿ ಗಾಯವಾದವರೊಂದಿಗೆ ಕೆಲಸ ಮಾಡಿದೆ. ಚರ್ಮದ ಕಾಳಜಿಯನ್ನು ಇಂಥ ಕಡೆ ಕಲಿಯುವುದು ಒಳ್ಳೆಯದು, ನಾಯಿ ಇರಲಿ ಬಿಡಲಿ.

ಕಾಳಿಗೆ ಮೊದಮೊದಲು ನಾನು ಹೇಳುತ್ತಿದ್ದ ಮಾತುಗಳು 'ಬಾ', 'ಬಿಡು', 'ಬ್ಯಾಡ'. ಮೂರೂ ಬಕಾರ! ಬುಡಾಪೆಸ್ಟ್‌ನ ವಿಜ್ಞಾನಿಗಳು 2020ರಲ್ಲಿ ನಾಯಿಗಳ ಮೆದುಳಿನ ಅಲೆಗಳನ್ನು ಅಳೆದು ನೋಡಿದಾಗ, ಗೊತ್ತಿರುವ ಪದಕ್ಕೂ ಅದರ ಒಂದೇ ಧ್ವನಿ ಬದಲಿಸಿದ ಅರ್ಥವಿಲ್ಲದ ಪದಕ್ಕೂ ಅವು ಭೇದ ಮಾಡಲಿಲ್ಲ. ನಾನು 'ಬ್ಯಾಡ' ತೆಗೆದು 'ಛೀ' ಇಟ್ಟೆ, 'ಬಿಡು' ತೆಗೆದು 'ಉಗುಳು' ಇಟ್ಟೆ. ಮನೆಮಂದಿಯೆಲ್ಲ ಅದೇ ಪದ ಬಳಸುವಂತೆ ಮಾಡುವುದಿದೆಯಲ್ಲ, ನಾಯಿಗೆ ಕಲಿಸುವುದಕ್ಕಿಂತ ಕಷ್ಟ. ಅದೇ ಊರಿನ ಇನ್ನೊಂದು ಅಧ್ಯಯನ, 2016ರದು: ಹೊಗಳಿಕೆಯ ಮಾತನ್ನು ಹೊಗಳಿಕೆಯ ದನಿಯಲ್ಲಿ ಹೇಳಿದರೆ ಮಾತ್ರ ನಾಯಿಯ ಮೆದುಳು ಹಿಗ್ಗುತ್ತದೆ. ಹಲ್ಲು ಕಚ್ಚಿ 'ಶಾಣ್ಯಾ' ಅಂದರೆ ಲೆಕ್ಕಕ್ಕಿಲ್ಲ.

ತಪ್ಪು ಮಾಡಿದ ನಾಯಿಯ ಸಪ್ಪೆ ಮುಖ ಪಶ್ಚಾತ್ತಾಪವೇ? ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪರೀಕ್ಷಿಸಿದರು. ತಪ್ಪು ಮಾಡದ ನಾಯಿಯೂ ಯಜಮಾನ ಗದರಿದರೆ ಅದೇ ಮುಖ ಮಾಡಿತು. ಅದು ಬೈಗುಳಕ್ಕೆ ಕೊಟ್ಟ ಉತ್ತರ, ಅಷ್ಟೇ. ಕಾಳಿ ಹರಿದ ನನ್ನ ಚಪ್ಪಲಿಯ ಪ್ರಕರಣವನ್ನು ಇದನ್ನು ಓದಿದಂದೇ ಮುಗಿಸಿದೆ.

ಕುರ್ಚಿ ಹಿಂದಕ್ಕೆ ಬಂದಾಗ ಮೊದಲು ಸಿಕ್ಕುವುದು ಬಾಲ. ಆದ್ದರಿಂದ ನಾಯಿಗೂ 'ಹಿಂದಕ್ಕ' ಬರಬೇಕು. ಗೋಡೆಗೂ ಕುರ್ಚಿಗೂ ನಡುವೆ ನಾಯಿಯಷ್ಟೇ ಅಗಲದ ಸಂದು ಬಿಟ್ಟು ಅದರೊಳಗೆ ಕರೆಯಿರಿ. ತಿರುಗಲು ಜಾಗವಿಲ್ಲ, ಹಿಂದೆ ಸರಿಯುವುದೊಂದೇ ದಾರಿ. ಎರಡು ಹೆಜ್ಜೆ ಹಿಂದಿಟ್ಟಾಗ 'ಟಕ್'.

ಇಳಿಜಾರಿನಲ್ಲಿ ನಾಯಿ ಮುಂದೆ ಹೋಗಬಾರದು. ನಿಯಮದ ಪ್ರಕಾರ ರ‍್ಯಾಂಪು 1:12 ಇರಬೇಕು, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ನಮ್ಮಲ್ಲಿ ಅನೇಕ ಕಡೆ ಅದು ಬೈಕ್ ಹತ್ತಿಸಲು ಕಟ್ಟಿದಂತಿರುತ್ತದೆ. ಅಂಥಲ್ಲಿ ಕುರ್ಚಿ ಇಳಿದು ನಿಂತ ಮೇಲೆ ನಾಯಿಯನ್ನು ಕರೆಯುವುದೇ ಕ್ಷೇಮ.

ಗಾಲಿಕುರ್ಚಿಯವರಿಗೆ ನೆರವಾಗಲು ನಾಯಿಯನ್ನು ಪಳಗಿಸುವ ಕೆಲಸವನ್ನು ಅಮೆರಿಕದಲ್ಲಿ ಬಾನಿ ಬರ್ಜಿನ್ 1975ರಲ್ಲಿ ಆರಂಭಿಸಿದರು. ಬಿದ್ದದ್ದನ್ನು ಎತ್ತಿಕೊಡುವ, ಬಾಗಿಲು ಎಳೆಯುವ, ಸ್ವಿಚ್ ಒತ್ತುವ ಅವರ ಮೊದಲ ನಾಯಿಯ ಹೆಸರು ಅಬ್ದುಲ್. ಅದಕ್ಕೂ ಮೊದಲು ನೆರವಿನ ನಾಯಿ ಎಂದರೆ ಅಂಧರಿಗೆ ಎಂದೇ ಹೆಚ್ಚಿನ ಜನ ತಿಳಿದಿದ್ದರು.

ಇಂಗ್ಲೆಂಡಿನ ಎಂಡಾಲ್ ಎಂಬ ಲ್ಯಾಬ್ರಡಾರ್ ಇನ್ನೂ ಒಂದು ಕೈ ಮೇಲು. 2001ರಲ್ಲಿ ಅದರ ಒಡೆಯ ಆಲನ್ ಪಾರ್ಟನ್ ಅವರನ್ನು ಕಾರೊಂದು ಗಾಲಿಕುರ್ಚಿಯಿಂದ ಕೆಡವಿತು. ಎಚ್ಚರ ತಪ್ಪಿದ ಅವರನ್ನು ಎಂಡಾಲ್ ಮಗ್ಗುಲಿಗೆ ಹೊರಳಿಸಿ, ಕಂಬಳಿ ಹೊದಿಸಿ, ಕಾರಿನಡಿ ಬಿದ್ದಿದ್ದ ಮೊಬೈಲ್ ತಂದು ಮುಖದ ಹತ್ತಿರ ಇಟ್ಟಿತು. ಅವರಿಗೆ ಎಚ್ಚರ ಬಂದ ಮೇಲಷ್ಟೇ ಹತ್ತಿರದ ಹೋಟೆಲಿಗೆ ಓಡಿ ಜನರನ್ನು ಕರೆಯಿತು. ಎಟಿಎಮ್‌ನಿಂದ ಕಾರ್ಡು ಎಳೆದು ಕೊಡುವುದೂ ಅದಕ್ಕೆ ಬರುತ್ತಿತ್ತು. ಕಾಳಿ ಸದ್ಯಕ್ಕೆ ಕೀಲಿಕೈ ಎತ್ತಿಕೊಡುತ್ತದೆ, ಅದೂ ಅಂಗಳ ಎರಡು ಸುತ್ತು ಹಾಕಿದ ಮೇಲೆ.

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇದನ್ನು ಉಳಿಸಿ ಬೆಳೆಸಿದರು, ಒಂದು ಜೋಡಿಯನ್ನು ಬ್ರಿಟನ್ನಿನ ಐದನೇ ಜಾರ್ಜ್‌ಗೂ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಅದರಲ್ಲೊಂದು ಮುಧೋಳದ್ದು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೇರಠ್‌ಗೂ ಹೋದವು. ಇಷ್ಟೆಲ್ಲ ಹೆಮ್ಮೆಯಿಂದ ಹೇಳಿದ ಮೇಲೆ ಒಂದು ಮಾತು: ಕುರಿ ತುಂಬಿದ ಈ ಸೀಮೆಯಲ್ಲಿ, ದೂರದ ಚಲನೆಯನ್ನೂ ಹಿಡಿಯುವ ಕಣ್ಣಿನ ನಾಯಿಯನ್ನು ಗಾಲಿಕುರ್ಚಿಯವರು ಬಯಲಲ್ಲಿ ಬಿಚ್ಚಿ ಬಿಡಬಾರದು. ಅದರ ಕಾಲಿಗೂ ನಮ್ಮ ಗಾಲಿಗೂ ಸರಿಸಮ ಎಂಬುದಿಲ್ಲ.

ಮರಿ ಲೋಕಕ್ಕೆ ಹೊಂದಿಕೊಳ್ಳುವ ಹದವಾದ ಕಾಲ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ. ಆಗ ಕಂಡು ಕೇಳಿದ್ದಕ್ಕೆ ಮುಂದೆ ಬೆದರುವುದು ಕಡಿಮೆ. ಕಾಳಿ ಆಗ ಕುರಿಹಟ್ಟಿಯಲ್ಲಿತ್ತು. ಡೊಳ್ಳಿಗೆ, ಟ್ರ್ಯಾಕ್ಟರಿಗೆ ಅಂಜುವುದಿಲ್ಲ. 2025ರ ಮೇ ತಿಂಗಳಲ್ಲಷ್ಟೇ ಕುಷ್ಟಗಿ ಕಂಡ ರೈಲಿನ ಸೀಟಿಗೆ ಮಾತ್ರ ನನ್ನ ಕುರ್ಚಿಯ ಅಡಿಗೇ ನುಗ್ಗುತ್ತದೆ.

ಬ್ಯಾಸಗಿಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಬದಿ ಇಟ್ಟು ಏಳು ಎಣಿಸಿ. ತಾಳದಿದ್ದರೆ ನಾಯಿಯ ಪಾದವೂ ತಾಳದು. ಕುರ್ಚಿಯ ಮೇಲಿದ್ದವರಿಗೆ ನೆಲದ ಬಿಸಿ ಗೊತ್ತಾಗುವುದಿಲ್ಲ, ಮರೆಯುತ್ತೇವೆ.

ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ, ಆಮೇಲೆ ತಪ್ಪದೆ ಪಶುವೈದ್ಯರು ಹೇಳಿದ ಹೊತ್ತಿಗೆ. ಯಾವ ನಾಯಿ ಕಚ್ಚಿದರೂ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಬೇಡ.

ನಾಯಿಗೆ ನಮ್ಮಲ್ಲಿ ದೇವರ ನಂಟೂ ಇದೆ. ಮೈಲಾರಲಿಂಗನ ಭಕ್ತರಾದ ಗೊರವರು ತಮ್ಮನ್ನು ದೇವರ ನಾಯಿಗಳೆಂದುಕೊಂಡು, ಬೊಗಳುತ್ತ, ದೋಣಿ ಎಂಬ ಪಾತ್ರೆಯಲ್ಲಿ ಹಾಲು ಬಾಳೆಹಣ್ಣು ಹಾಕಿದ್ದನ್ನು ಬಾಯಿಯಿಂದಲೇ ತಿನ್ನುವ ಸೇವೆ ನೋಡಿದ್ದೀರಲ್ಲ? ಆತಕೂರಿನ ಕಾಳಿಯ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಶಾಸನ ಕಟ್ಟು ಮಾಡಿದ್ದೂ ಒಬ್ಬ ಗೊರವನಿಗೇ.

ಕೊನೆಗೆ ಭಾಷೆಯ ವಿಷಯ. ನಮ್ಮ ಕಾಳಿ 'ಕುಂದ್ರು' ಅಂದರೆ ಕೂರುತ್ತದೆ. ಮೊನ್ನೆ ಬೆಂಗಳೂರಿನಿಂದ ಬಂದ ಅಕ್ಕನ ಮಗ "ಕಾಳಿ, ಕೂತ್ಕೋ" ಅಂದ. ಕಾಳಿ ಅವನ ಮುಖ ನೋಡಿತು, ನನ್ನ ಮುಖ ನೋಡಿತು, ಪೈಪಿನ ಬಾಯಿ ನೋಡಿತು. ಕಟ್ಟಿ ಮೇಲಿನ ಅಜ್ಜನೇ ಕೂಗಿದ: "ಕುಂದ್ರು ಅನ್ನೊ, ಅದಕ್ಕ ನಿಮ್ಮೂರ ಮಾತು ತಿಳಿಯಂಗಿಲ್ಲ!" ಅಜ್ಜನ ಬಾಯಿಂದ 'ಕುಂದ್ರು' ಬಿದ್ದದ್ದೇ ತಡ, ಕಾಳಿ ಕೂತಿತ್ತು.