ಸಣ್ಣ ಬಾಬು, ದೊಡ್ಡ ಹೊಣೆ: ಸಂಯುಕ್ತ ಸೇತುವೆಗಳಲ್ಲಿ ಷಿಯರ್ ಕನೆಕ್ಟರುಗಳ ಸಾಮರ್ಥ್ಯ

ಉಕ್ಕಿನ ತೊಲೆಗಳ ಮೇಲೆ ಕಾಂಕ್ರೀಟ್ ಹಾಸನ್ನು ಹೊರಿಸಿ ಕಟ್ಟುವ ಸೇತುವೆಯ ಟೆಂಡರಿನಲ್ಲಿ ಉಕ್ಕಿನ ದರ ಟನ್ನಿಗೂ ಕಾಂಕ್ರೀಟಿನ ದರ ಘನಮೀಟರಿಗೂ ನಮೂದಾಗಿರುತ್ತದೆ. ಇವೆರಡರ ನಡುವೆ ‘ಷಿಯರ್ ಕನೆಕ್ಟರ್’ ಎಂಬ ಒಂದು ಸಣ್ಣ ಬಾಬು ಬರುತ್ತದೆ. ಕೆಲವೊಮ್ಮೆ ಅದು ಉಕ್ಕಿನ ತೂಕದಲ್ಲಿಯೇ ಸೇರಿಹೋಗಿರುತ್ತದೆ. ಒಟ್ಟು ಮೊತ್ತದಲ್ಲಿ ಅದರ ಪಾಲು ಅತ್ಯಲ್ಪ. ಆದರೆ ಉಳಿದೆರಡು ದೊಡ್ಡ ಬಾಬುಗಳಿಗೆ ವ್ಯಯಿಸಿದ ಹಣದ ಫಲ ಈ ಸಣ್ಣ ಬಾಬನ್ನೇ ಅವಲಂಬಿಸಿದೆ. ಈ ಲೇಖಕನು ಎಂಜಿನಿಯರಲ್ಲ. ಆದರೂ ಸೇತುವೆಯ ಗುತ್ತಿಗೆದಾರರು, ಉಕ್ಕಿನ ಕೆಲಸದ ಘಟಕಗಳವರು ಹಾಗೂ ಲಾರಿ ಮಾಲೀಕರು ನಮ್ಮ ಸದಸ್ಯರಲ್ಲಿ ಇರುವುದರಿಂದ ಈ ವಿಷಯವನ್ನು ವ್ಯಾಪಾರಿಗಳ ದೃಷ್ಟಿಯಿಂದ ವಿವರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಕೂಡಿ ದುಡಿಯುವುದರ ಲಾಭ

ಸಮಾನ ದಪ್ಪದ ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಭಾರ ಹೇರಿದರೆ, ಬಾಗುವಾಗ ಅವು ಒಂದರ ಮೇಲೊಂದು ಜಾರುತ್ತವೆ. ಜಾರದಂತೆ ಅವನ್ನು ಬಿಗಿಯಾಗಿ ಜೋಡಿಸಿದರೆ ಭಾರ ಹೊರುವ ಶಕ್ತಿ ಎರಡು ಪಟ್ಟು, ಬಾಗದೆ ನಿಲ್ಲುವ ಬಿಗುವು ನಾಲ್ಕು ಪಟ್ಟು ಆಗುತ್ತದೆ. ಹಲಗೆ ಅದೇ, ಮರ ಅದೇ. ಹೆಚ್ಚಿದ್ದು ಜೋಡಣೆ ಮಾತ್ರ.

ಸಂಯುಕ್ತ ಸೇತುವೆಯ ತತ್ತ್ವವೂ ಇದೇ. ಒತ್ತಡವನ್ನು ಕಾಂಕ್ರೀಟ್ ಚೆನ್ನಾಗಿ ತಾಳುತ್ತದೆ, ಎಳೆತವನ್ನು ಉಕ್ಕು ತಾಳುತ್ತದೆ. ಕೋಲ್ಕತ್ತದಲ್ಲಿ 1992ರಲ್ಲಿ ಸಂಚಾರಕ್ಕೆ ತೆರೆದ ವಿದ್ಯಾಸಾಗರ ಸೇತುವಿನ 457 ಮೀಟರ್ ಉದ್ದದ ಮುಖ್ಯ ಅಂಕಣದಲ್ಲಿಯೂ ಉಕ್ಕಿನ ತೊಲೆಗಳೂ ಕಾಂಕ್ರೀಟ್ ಹಾಸೂ ಹೀಗೆ ಕೂಡಿ ದುಡಿಯುತ್ತವೆ. ಈ ಪಾಲುದಾರಿಕೆಯ ಕರಾರುಪತ್ರವೇ ಷಿಯರ್ ಕನೆಕ್ಟರ್. ತೊಲೆಯ ಮೇಲ್ಮೈಗೆ ವಿದ್ಯುತ್ ಬೆಸುಗೆಯಿಂದ ನಿಲ್ಲಿಸಿ, ಕಾಂಕ್ರೀಟಿನೊಳಗೆ ಹುದುಗಿಸುವ ತಲೆಯುಳ್ಳ ಉಕ್ಕಿನ ಗೂಟ, ಅಂದರೆ ಸ್ಟಡ್, ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಹಾಸು ಜಾರದಂತೆ ತಡೆಯುವುದು ಅದರ ಕಾಂಡ. ಹಾಸು ಮೇಲಕ್ಕೇಳದಂತೆ ಹಿಡಿಯುವುದು ಅದರ ತಲೆ.

ಸಾಮರ್ಥ್ಯದ ಲೆಕ್ಕ

ಒಂದು ಸ್ಟಡ್ ಎರಡು ಬಗೆಯಲ್ಲಿ ಸೋಲಬಹುದು: ಕಾಂಡವೇ ಕತ್ತರಿಸಬಹುದು, ಇಲ್ಲವೆ ಸುತ್ತಲಿನ ಕಾಂಕ್ರೀಟ್ ಜಜ್ಜಿಹೋಗಬಹುದು. ಉಕ್ಕಿನ ತೊಲೆಯ ಎರಡು ಬದಿಗೆ ಕಾಂಕ್ರೀಟ್ ಚಪ್ಪಡಿಗಳನ್ನು ಸ್ಟಡ್‌ಗಳಿಂದ ಜೋಡಿಸಿ, ತೊಲೆಯನ್ನು ಕೆಳಕ್ಕೆ ಒತ್ತುವ ‘ಪುಷ್-ಔಟ್’ ಪರೀಕ್ಷೆಯಿಂದ ಇದನ್ನು ಅಳೆಯುತ್ತಾರೆ. ಅಮೆರಿಕದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ನಡೆಸಿ 1971ರಲ್ಲಿ ಪ್ರಕಟಿಸಿದ ಇಂತಹ ಪರೀಕ್ಷೆಗಳು ಸ್ಟಡ್‌ನ ಶಕ್ತಿಯು ಕಾಂಕ್ರೀಟಿನ ಗುಣವನ್ನೂ ಅವಲಂಬಿಸಿದೆಯೆಂದು ಸ್ಥಾಪಿಸಿದವು. ಎರಡು ಲೆಕ್ಕಗಳಲ್ಲಿ ಕಡಿಮೆ ಬಂದುದನ್ನೇ ಸ್ಟಡ್‌ನ ಸಾಮರ್ಥ್ಯವೆಂದು ಹಿಡಿಯುವುದು ಯೂರೋಕೋಡ್-4ರ ನಿಯಮ.

19 ಮಿ.ಮೀ. ವ್ಯಾಸದ, ಚದರ ಮಿ.ಮೀ.ಗೆ 450 ನ್ಯೂಟನ್ ಎಳೆತ ತಾಳುವ ಉಕ್ಕಿನ ಸ್ಟಡ್‌ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಎತ್ತರ ವ್ಯಾಸದ ನಾಲ್ಕು ಪಟ್ಟಿಗಿಂತ ಹೆಚ್ಚಿರಲಿ. ಆ ಸೂತ್ರದಂತೆ, ಸುರಕ್ಷತಾ ಅಂಶವನ್ನು ಕಳೆದ ಮೇಲೆ, ಉಕ್ಕಿನ ಲೆಕ್ಕದಲ್ಲಿ ಸುಮಾರು 82 ಕಿಲೋನ್ಯೂಟನ್, ಅಂದರೆ ಎಂಟು ಟನ್ನಿಗೆ ತುಸು ಮೇಲೆ ಬರುತ್ತದೆ. ಎಂ-30 ದರ್ಜೆಯ ಕಾಂಕ್ರೀಟಿನಲ್ಲಿ ಅದು ಸುಮಾರು 74ಕ್ಕೂ, ಎಂ-25ರಲ್ಲಿ ಸುಮಾರು 65ಕ್ಕೂ ಇಳಿಯುತ್ತದೆ. ಎಂ-40 ಬಳಸಿದರೆ ಉಕ್ಕಿನ ಮಿತಿಯಾದ 82ಕ್ಕೇ ನಿಲ್ಲುತ್ತದೆ. ಸ್ಟಡ್‌ನ ಮಟ್ಟಿಗೆ ಅದಕ್ಕಿಂತ ಉತ್ತಮ ಕಾಂಕ್ರೀಟಿಗೆ ತೆತ್ತ ಹಣಕ್ಕೆ ಪ್ರತಿಫಲವಿಲ್ಲ. ಕಳಪೆ ಕಾಂಕ್ರೀಟಿಗೆ ಮಾತ್ರ ದಂಡವಿದೆ. ಸ್ಟಡ್‌ಗೆ ಪೂರ್ಣ ಬೆಲೆ ತೆತ್ತು ಕಾಂಕ್ರೀಟಿನಲ್ಲಿ ಒಂದು ದರ್ಜೆ ಇಳಿಸಿದರೆ, ಕೊಂಡ ಶಕ್ತಿಯ ಒಂದಂಶ ಬಳಕೆಗೇ ಬರುವುದಿಲ್ಲ.

ಎಲ್ಲ ಸ್ಟಡ್‌ಗಳಿಗೂ ಸಮಾನ ಭಾರ ಬೀಳುವುದಿಲ್ಲವೆಂಬುದೂ ಗಮನಾರ್ಹ. ಜಾರುವ ಒತ್ತಡ ಸಾಮಾನ್ಯವಾಗಿ ಕಂಬಗಳ ಸಮೀಪ ಹೆಚ್ಚು, ಅಂಕಣದ ಮಧ್ಯದಲ್ಲಿ ಕಡಿಮೆ. ಆದುದರಿಂದ ನಕ್ಷೆಯಲ್ಲಿ ತುದಿಗಳತ್ತ ಸ್ಟಡ್‌ಗಳು ಒತ್ತಾಗಿರುತ್ತವೆ. ಒಟ್ಟು ಸಂಖ್ಯೆ ಸರಿಯಿದ್ದು ಅಂತರ ತಪ್ಪಿದರೂ ಬಿಲ್ಲು ಸರಿಯಾಗಿಯೇ ಕಾಣುತ್ತದೆ, ಸೇತುವೆ ಸರಿಯಿರುವುದಿಲ್ಲ.

ಲೋಹದ ದಣಿವು ಮತ್ತು ಅಧಿಕ ಭಾರ

ಒಂದು ಭಾರಿ ಲಾರಿಯಿಂದ ಸ್ಟಡ್ ಮುರಿಯುವುದಿಲ್ಲ. ವಿನ್ಯಾಸದಲ್ಲಿ ಅದಕ್ಕೆ ಅವಕಾಶವಿರುತ್ತದೆ. ಆದರೆ ಪ್ರತಿ ಲಾರಿಯೂ ಬೆಸುಗೆಯ ಬುಡದಲ್ಲಿ ಒತ್ತಡವನ್ನು ಏರಿಸಿ ಇಳಿಸುತ್ತದೆ. ಲಕ್ಷಾಂತರ ಆವೃತ್ತಿಗಳ ನಂತರ ಅಲ್ಲಿ ಬಿರುಕು ಹುಟ್ಟಬಹುದು. ಯೂರೋಕೋಡಿನ ಪ್ರಕಾರ ಸ್ಟಡ್‌ನ ಆಯುಸ್ಸು ಒತ್ತಡದ ಏರಿಳಿತದ ಎಂಟನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಏರಿಳಿತ ಶೇ. 10ರಷ್ಟು ಹೆಚ್ಚಿದರೆ ಆಯುಸ್ಸು ಅರ್ಧಕ್ಕಿಂತ ಕೆಳಗಿಳಿಯುತ್ತದೆ; ಶೇ. 20ರಷ್ಟು ಹೆಚ್ಚಿದರೆ ನಾಲ್ಕನೆಯ ಒಂದಂಶಕ್ಕೂ ಕಡಿಮೆಯಾಗುತ್ತದೆ.

ಕೇಂದ್ರ ಸರ್ಕಾರವು 2018ರಲ್ಲಿ ನಾಲ್ಕು ಟೈರುಗಳ ಒಂಟಿ ಆಕ್ಸೆಲ್ ಮೇಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕಾನೂನೇ ಇಷ್ಟು ಸಡಿಲವಾದ ಮೇಲೆ ಅದಕ್ಕೂ ಮೀರಿ ಹೇರುವುದಕ್ಕೆ ಸಮರ್ಥನೆಯಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅಧಿಕ ಭಾರಕ್ಕೆ ರೂ. 20,000 ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವನ್ನು ಗೊತ್ತುಪಡಿಸಿತು. ಸೇತುವೆ ಕಳೆದುಕೊಂಡ ಆಯುಸ್ಸಿನ ಮೌಲ್ಯ ಈ ದಂಡದಲ್ಲಿ ಸೇರಿಲ್ಲ. ಅದನ್ನು ಮುಂದೊಂದು ದಿನ ತೆರಿಗೆದಾರರೇ ತೆರಬೇಕು.

ಸದಸ್ಯರು ಗಮನಿಸಬೇಕಾದುದು

ಹಾಸು ಹಾಕಿದ ಮೇಲೆ ಸ್ಟಡ್ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಅದಕ್ಕೆ ಮುಂಚಿನ ದಾಖಲೆಗಳೇ ಆಧಾರ. ಸ್ಟಡ್ ತಯಾರಕರ ಪರೀಕ್ಷಾ ಪ್ರಮಾಣಪತ್ರ, ಬೆಸುಗೆಯ ದಿನವಹಿ, ಅಂತರ ಮತ್ತು ಸಂಖ್ಯೆಯ ಅಳತೆ ಪುಸ್ತಕ, ಕಾಂಕ್ರೀಟ್ ಘನಗಳ ಪರೀಕ್ಷಾ ವರದಿ, ಈ ನಾಲ್ಕೂ ಒಂದೇ ಕಡತದಲ್ಲಿರಲಿ. ಬೆಸುಗೆಯ ಉಂಗುರ ಸುತ್ತಲೂ ಪೂರ್ಣವಾಗಿಲ್ಲದ ಸ್ಟಡ್ ಅನ್ನು ಸುತ್ತಿಗೆಯಿಂದ ಸುಮಾರು 15 ಡಿಗ್ರಿ ಬಗ್ಗಿಸಿ ನೋಡುವ ಪದ್ಧತಿ ಅಮೆರಿಕದ ಬೆಸುಗೆ ಸಂಹಿತೆಯಲ್ಲಿದೆ. ಬಿರುಕು ಬಿಡದಿದ್ದರೆ ಅದನ್ನು ಬಗ್ಗಿದಂತೆಯೇ ಉಳಿಸಬಹುದು, ಬಿಟ್ಟರೆ ಬದಲಿಸಲೇಬೇಕು. ಇದಕ್ಕೆ ತಗಲುವುದು ಒಂದು ಸುತ್ತಿಗೆ ಮತ್ತು ಕೆಲವು ನಿಮಿಷ ಮಾತ್ರ.

ನಮ್ಮ ದೇಶದ ಸಂಯುಕ್ತ ರಸ್ತೆ ಸೇತುವೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ-22 ಸಂಹಿತೆ ಅನ್ವಯಿಸುತ್ತದೆ. ದರ ನಮೂದಿಸುವ ಮೊದಲು ಸದಸ್ಯರು ತಮ್ಮ ಎಂಜಿನಿಯರರೊಡನೆ ಕುಳಿತು ಅದರ ಷರತ್ತುಗಳನ್ನು ಓದಿಕೊಳ್ಳುವುದು ಒಳಿತು. ಈ ಸಣ್ಣ ಬಾಬಿನಲ್ಲಿ ಉಳಿಸಿದ ಹಣವು ಲಾಭವಲ್ಲ. ಲೆಕ್ಕಪುಸ್ತಕದಲ್ಲಿ ನಮೂದಾಗದೆ ಉಳಿದ ಸಾಲ.