ಮೂಳೆ ಕೂಡುವವರೆಗೆ

ಮಂಚದ ತಲೆದೆಸೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಸೀರೆ ಅಂಗಡಿಯ ಕೈಚೀಲ. ಮುರಿದ ಕಾಲಿಗೆ ಸಂಬಂಧಿಸಿದ ಅಷ್ಟೂ ಕಾಗದ ಅದರಲ್ಲಿದೆ. ಎಕ್ಸ್‌ರೇ ಹಾಳೆ ಚೀಲಕ್ಕಿಂತ ಉದ್ದ, ಮೇಲೆ ಇಣುಕುತ್ತದೆ. ಅದರ ಹಿಂದೆ ಡಿಸ್‌ಚಾರ್ಜ್ ಚೀಟಿ, ಆಧಾರ್ ಜೆರಾಕ್ಸ್‌ಗಳ ಕಟ್ಟು, ಪಾಸ್‌ಬುಕ್ಕಿನ ಮೊದಲ ಪುಟ, ಇ.ಎಸ್.ಐ. ಡಿಸ್ಪೆನ್ಸರಿಯ ಸರ್ಟಿಫಿಕೇಟುಗಳು, ಮಡಿಕೆಯಲ್ಲಿ ಹರಿಯತೊಡಗಿದ ಎಂ.ಎಲ್.ಸಿ. ನಕಲು. ಯಾವುದು ಎಲ್ಲಿದೆ ಎಂದು ಕಾಲಿನ ಯಜಮಾನನಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತು. ಒಲೆ ಮುಂದೆ ಕೂತಲ್ಲಿಂದಲೇ "ಎಡಗಡೆ ನೋಡಣ್ಣ, ಪಿನ್ನು ಹೊಡ್ದೈತಲ್ಲ, ಅದು" ಎನ್ನುತ್ತಾಳೆ. ತೆಗೆದರೆ ಅದೇ ಇರುತ್ತದೆ.

ನಲ್ಲೂರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಊರು. ಹೊರಗಿನವರು ಇಲ್ಲಿಗೆ ಬರುವುದು ಹುಣಸೆ ತೋಪು ನೋಡಲು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದ ತೋಪು ಅದು. ಐವತ್ತು ಎಕರೆ ದಾಟಿದ ಜಾಗದಲ್ಲಿ ಶತಮಾನಗಳ ಮರಗಳು, ನಡುನಡುವೆ ಪಾಳುಬಿದ್ದ ಗುಡಿ. ಊರವರನ್ನು ಕೇಳಿದರೆ ಚೋಳರ ಕಾಲದ್ದು ಅನ್ನುತ್ತಾರೆ. ಈಚಿನ ವರ್ಷಗಳಲ್ಲಿ ಈ ಹೋಬಳಿ ಸುದ್ದಿಯಾದದ್ದು ಮಾತ್ರ ಬೇರೆ ಕಾರಣಕ್ಕೆ. ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವ ಪ್ರಸ್ತಾವದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರು, ಸರ್ಕಾರ 2025ರ ಜುಲೈ 15ರಂದು ಅದನ್ನು ಕೈಬಿಡುವವರೆಗೆ ಏಳಲಿಲ್ಲ. ನಲ್ಲೂರೂ ಆ ಪಟ್ಟಿಯಲ್ಲಿತ್ತು. ಭೂಮಿ ಉಳಿಯಿತು. ಆದರೆ ಪಾಲಾಗಿ ಪಾಲಾಗಿ ಅರ್ಧ ಎಕರೆಗೆ ಇಳಿದ ದ್ರಾಕ್ಷಿಯೋ ಹಿಪ್ಪುನೇರಳೆಯೋ ಒಂದು ಸಂಸಾರವನ್ನು ಎಷ್ಟು ದಿನ ಹೊತ್ತೀತು? 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸುತ್ತಿನ ಹುಡುಗರು ಕಾರ್ಗೋ ಶೆಡ್ಡಿಗೆ, ಹೌಸ್‌ಕೀಪಿಂಗಿಗೆ, ಗೋದಾಮಿಗೆ ಹೋಗುತ್ತಿದ್ದಾರೆ. ನೇರ ನೌಕರಿಯಲ್ಲ, ಗುತ್ತಿಗೆದಾರನ ಕೈಕೆಳಗೆ.

ಮಂಚದ ಮೇಲಿರುವವನೂ ಅಂಥವನೇ. ಸಂಬಳ 18,000. ಅದರಲ್ಲಿ ಮುಕ್ಕಾಲು ಪರ್ಸೆಂಟು, ಅಂದರೆ 135 ರೂಪಾಯಿ, ತಿಂಗಳು ತಿಂಗಳು ಇ.ಎಸ್.ಐ.ಗೆ ಹೋಗುತ್ತದೆ. ಗುತ್ತಿಗೆದಾರ ಮೂರೂಕಾಲು ಪರ್ಸೆಂಟು ಸೇರಿಸುತ್ತಾನೆ. 21,000 ರೂಪಾಯಿಯೊಳಗಿನ ಸಂಬಳಕ್ಕೆ ಈ ವಿಮೆ. ಮಾಗಿಯ ಒಂದು ಬೆಳಗ್ಗೆ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ವಾಪಸು ಬರುತ್ತಿದ್ದ. ಚಳಿಗಾಲದಲ್ಲಿ ದೇವನಹಳ್ಳಿ ಕಡೆಯ ಮಂಜು ವಿಮಾನವನ್ನೇ ಇಳಿಯಗೊಡುವುದಿಲ್ಲ, ಬೈಕಿನ ಪಾಡು ಕೇಳಬೇಕೆ? ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿ ಕಾಣಲಿಲ್ಲ. ಬಲ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು. ಒಳಗೆ ರಾಡು ಕೂತಿದೆ. ಹೊರಗೆ, ಪಾದದವರೆಗೆ ಇಳಿದ ಹೊಲಿಗೆಯ ಗುರುತಿನ ಸುತ್ತ ಚರ್ಮ ಇನ್ನೂ ನುಣುಪಾಗಿ ಹೊಳೆಯುತ್ತದೆ. ವಾಕರ್ ಹಿಡಿದು ಬಚ್ಚಲವರೆಗೆ ಹೋಗುತ್ತಾನೆ. ಹೊಸಿಲು ದಾಟುವಾಗ ಮಾತ್ರ ತಾಯಿ ಬಂದು ಸೊಂಟ ಹಿಡಿಯಬೇಕು.

ಆಪರೇಷನ್ನು ಇ.ಎಸ್.ಐ. ಲೆಕ್ಕದಲ್ಲೇ ಆಯಿತು, ಕೈಯಿಂದ ದುಡ್ಡು ಹೋಗಲಿಲ್ಲ. ಇದನ್ನು ಮನೆಯವರೆಲ್ಲ ಎರಡೆರಡು ಸಲ ಹೇಳುತ್ತಾರೆ, ಬರೆಯುವವರೂ ಹೇಳಬೇಕು. ತೊಡಕು ಶುರುವಾದದ್ದು ಮಲಗಿದ ದಿನಗಳ ಕೂಲಿಗೆ ಕೈಚಾಚಿದಾಗ.

ವಿಮೆಯಲ್ಲಿ ಎರಡು ದಾರಿ. ಕೆಲಸದಿಂದಾದ ಪೆಟ್ಟಾದರೆ ತಾತ್ಕಾಲಿಕ ಅಂಗವೈಕಲ್ಯ ಪರಿಹಾರ. ಕೂಲಿಯ ಶೇಕಡ 90ರಷ್ಟು, ವೈದ್ಯರು ಕೆಲಸಕ್ಕೆ ಹೋಗಬಹುದು ಎನ್ನುವವರೆಗೆ. ಬೇರೆ ಕಾರಣದ್ದಾದರೆ ಅನಾರೋಗ್ಯ ಭತ್ಯೆ. ಅದು ಶೇಕಡ 70, ವರ್ಷಕ್ಕೆ 91 ದಿನ ಮಾತ್ರ. ಇವನ ಸಂಬಳಕ್ಕೆ ದಿನಗೂಲಿ 600 ಎಂದು ಹಿಡಿದರೆ ಒಂದು ದಾರಿಯಲ್ಲಿ 540, ಇನ್ನೊಂದರಲ್ಲಿ 420. ದಿನದ 120 ರೂಪಾಯಿ ವ್ಯತ್ಯಾಸವೇನೋ ಸರಿ, ಅದಕ್ಕಿಂತ ದೊಡ್ಡದು ಆ 91. ಈ ಮೂಳೆ ಅಷ್ಟರಲ್ಲಿ ಕೂಡುವುದಿಲ್ಲ ಎಂದು ಡಾಕ್ಟರು ಮೊದಲ ವಾರವೇ ಹೇಳಿದ್ದರು. ಕೂಡದೇ ತಡವಾಗುವ ಮುರಿತಗಳಿಗೆ ವಿಸ್ತರಿಸಿದ ಭತ್ಯೆ ಅಂತ ಇದೆ, ನಿಜ. ಅದಕ್ಕೆ ಸೇವೆ ಎರಡು ವರ್ಷ ತುಂಬಿರಬೇಕು. ಇವನದು ತುಂಬಿಲ್ಲ.

ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್ ಫೋನಿನಲ್ಲಿ ಒಂದೇ ಮಾತು ಹೇಳಿದನಂತೆ: "ರೋಡಲ್ಲಿ ಬಿದ್ದಿದ್ದು ಕಣಮ್ಮ, ಶೆಡ್ಡಲ್ಲಲ್ಲ. ನಮಗೂ ಅದಕ್ಕೂ ಸಂಬಂಧ ಇಲ್ಲ." ಅಪಘಾತ ವರದಿ ಕಳಿಸಲಿಲ್ಲ. ಡಿಸ್ಪೆನ್ಸರಿಯಲ್ಲಿ ಸಾದಾ ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡರು, ದುಡ್ಡು 70ರ ದಾರಿಯಲ್ಲಿ ಬರತೊಡಗಿತು. ಬರುತ್ತಿದೆಯಲ್ಲ ಎಂದು ಇವರೂ ಸುಮ್ಮನಾದರು.

ಸುಮ್ಮನಿರದಿದ್ದವಳು ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸಿಗೆ ಹೋಗುವ ನಾದಿನಿ. ಇ.ಎಸ್.ಐ. ವಿಷಯದಲ್ಲಿ ಗಾರ್ಮೆಂಟ್ಸಿನ ಹೆಣ್ಣುಮಕ್ಕಳಷ್ಟು ಪಳಗಿದವರು ಇನ್ನೊಬ್ಬರಿಲ್ಲ ಎಂಬುದು ನನ್ನ ಅನುಭವ. ಹೆರಿಗೆ, ಜ್ವರ, ಸೂಜಿ ಚುಚ್ಚಿದ ಬೆರಳು, ಎಲ್ಲಕ್ಕೂ ಆ ಕೌಂಟರಿನ ಮುಂದೆ ನಿಂತು ನಿಂತು ಕಲಿತವರು. ಹಬ್ಬಕ್ಕೆ ಬಂದವಳು ಚೀಲ ಬಿಚ್ಚಿ ಒಂದೊಂದೇ ಕಾಗದ ನೋಡಿ, "ಅತ್ತಿಗೆ, ಡ್ಯೂಟಿ ಮುಗಿಸ್ಕೊಂಡು ಬರೋವಾಗ ಬಿದ್ರೂ ಡ್ಯೂಟಿದೇ ಲೆಕ್ಕ. ನಮ್ ಲೈನಲ್ಲಿ ಒಬ್ಳಿಗೆ ಕೊಟ್ಟವ್ರೆ" ಅಂದಳು.

ಅವಳು ಹೇಳಿದ್ದು ಸರಿ. 1948ರ ಇ.ಎಸ್.ಐ. ಕಾಯ್ದೆಗೆ 2010ರಲ್ಲಿ ಸೇರಿದ ತಿದ್ದುಪಡಿ ಅದನ್ನೇ ಹೇಳುತ್ತದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವೂ ಕೆಲಸದಿಂದಾದ ಅಪಘಾತವೇ. ಸಂದರ್ಭ, ಸಮಯ, ಸ್ಥಳ, ಈ ಮೂರಕ್ಕೂ ಕೆಲಸದ ಜೊತೆ ನಂಟಿದೆ ಎಂದು ತೋರಿಸಬೇಕು, ಅಷ್ಟೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದರೂ ಈ ಮಾತು ಬಿಟ್ಟುಹೋಗಿಲ್ಲ. ಮಾಲೀಕ ವರದಿ ಕೊಡದಿದ್ದರೆ ಕಾರ್ಮಿಕನೇ ಕಚೇರಿಗೆ ತಿಳಿಸಬಹುದು, ಅವರು ವಿಚಾರಣೆ ಮಾಡುತ್ತಾರೆ.

ಅಲ್ಲಿಂದ ಶುರುವಾಯಿತು ಹೆಂಡತಿಯ ಓಡಾಟ. ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಶಕ್ತಿ ಯೋಜನೆಯ ಟಿಕೆಟ್ಟು, ಪುಕ್ಕಟೆ. ಕಾಲು ಮುರಿದವನನ್ನು ಕರೆದೊಯ್ಯಬೇಕೆಂದರೆ ಆಟೋ. ಹೋಗಿಬರುವ ಬಾಡಿಗೆ ಅವನ ಒಂದು ದಿನದ ಭತ್ಯೆಯನ್ನು ನುಂಗಿ ಇನ್ನೂ ಬೇಡುತ್ತದೆ. ಹಾಗಾಗಿ ಕ್ಲೇಮು ಅವನದು, ಕಾಲು ಅವಳದು. ಬೆರಳಚ್ಚೋ ಓಟಿಪಿಯೋ ಬೇಕಾದಾಗ ಮಾತ್ರ ಅವನು. ಓಟಿಪಿ ಬರುವುದು ಅವನ ಫೋನಿಗೆ, ಫೋನಿರುವುದು ನಲ್ಲೂರಿನ ಮಂಚದ ಮೇಲೆ, ಅವಳು ನಿಂತಿರುವುದು ಕೌಂಟರಿನ ಮುಂದೆ. "ಬಂತಾ? ಬಂತಾ? ಜೋರಾಗಿ ಹೇಳಿ, ಬಸ್ ಸದ್ದು" ಎಂದು ಇವಳು ಕೂಗುವುದು, ಅಂಕಿ ಹೇಳುವಷ್ಟರಲ್ಲಿ ಅದರ ಆಯುಷ್ಯ ಮುಗಿಯುವುದು. ಹಿಂದೆ ನಿಂತವರೂ ಸೇರಿ ನಕ್ಕುಬಿಡುತ್ತಾರೆ.

ಒಂದು ದಿನ ಅವಳ ಜೊತೆ ನಾನೂ ಹೋಗಿದ್ದೆ. ಮೇಜಿನ ಆಚೆಯವರು ಒಳ್ಳೆಯವರು, ಸಿಡುಕಲಿಲ್ಲ. ಕನ್ನಡಕ ಮೇಲೇರಿಸಿ ಎರಡು ಕಾಗದ ಅಕ್ಕಪಕ್ಕ ಇಟ್ಟುಕೊಂಡರು. ಒಂದು, ಗೇಟಿನ ಪಂಚಿಂಗ್ ಪ್ರತಿ. ಅದನ್ನು ಅದೇ ಶೆಡ್ಡಿನ ಗೆಳೆಯನೊಬ್ಬ ಫೋನಿಗೆ ಕಳಿಸಿದ್ದ. ಹೊರಬಿದ್ದ ಹೊತ್ತು 6 ಗಂಟೆ 2 ನಿಮಿಷ. ಇನ್ನೊಂದು ಎಂ.ಎಲ್.ಸಿ., ಅಂದರೆ ಪೆಟ್ಟಾಗಿ ಬಂದವರ ಬಗ್ಗೆ ಆಸ್ಪತ್ರೆ ಬರೆದಿಡುವ ದಾಖಲೆ. ಆಸ್ಪತ್ರೆಗೆ ಬಂದ ಹೊತ್ತು 7 ಗಂಟೆ 10. ಅದರ ಕೆಳಗೆ, ಕರೆತಂದವರು ಹೇಳಿದಂತೆ, ಬೈಕಿನಿಂದ ತಾನಾಗಿ ಬಿದ್ದ ಎಂದಿದೆ. ಟ್ರಾಲಿಯ ಸುದ್ದಿಯಿಲ್ಲ, ಕೆಲಸದಿಂದ ಬರುತ್ತಿದ್ದ ಎಂಬುದೂ ಇಲ್ಲ. ಅರಿವಿಲ್ಲದೆ ನರಳುತ್ತಿದ್ದವನ ಪರವಾಗಿ ದಾರಿಹೋಕರೊಬ್ಬರು ಅರ್ಧ ನಿಮಿಷದಲ್ಲಿ ಹೇಳಿದ ವಾಕ್ಯ ಅದು. ತಿಂಗಳುಗಟ್ಟಲೆಯ ಅನ್ನ ಈಗ ಅದರ ಮೇಲೆ ನಿಂತಿದೆ.

"ಮಧ್ಯೆ ಒಂದು ಗಂಟೆ ಇದೆಯಲ್ಲಮ್ಮ. ಎಲ್ಲಾದರೂ ನಿಂತಿದ್ರಾ?"

ಅವಳು ಫೋನು ಹಚ್ಚಿದಳು. ಆ ಕಡೆಯಿಂದ ಅಂಜುತ್ತ ಉತ್ತರ ಬಂತು: "ಟೀ ಕುಡ್ದೆ ಸಾ. ನೈಟ್ ಶಿಫ್ಟು, ಕಣ್ಣು ಎಳೀತಿತ್ತು."

ಅಧಿಕಾರಿ ನಕ್ಕರು. ಟೀ ಕುಡಿದದ್ದು ತಪ್ಪಲ್ಲ, ದಾರಿ ಬಿಟ್ಟು ಬೇರೆ ಕಡೆ ಹೋಗಿರಬಾರದು, ಅಷ್ಟೆ. ಟೀ ಅಂಗಡಿಯವನ ಒಂದು ಹೇಳಿಕೆ, ಬಿದ್ದ ಜಾಗ ತಿಳಿದವರ ಒಂದು ಹೇಳಿಕೆ ತನ್ನಿ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವಳು ಚೀಲದಿಂದ ಬಾಟಲಿ ತೆಗೆದು ನೀರು ಕುಡಿದಳು. "ಹೆಣ್ಣು ನೋಡಕ್ ಬಂದೋರೂ ಇಷ್ಟು ಕೇಳಿರ್ಲಿಲ್ಲ ಕಣಣ್ಣ" ಎಂದಳು.

ಭತ್ಯೆ ತಡವಾದ ತಿಂಗಳುಗಳಲ್ಲಿ ಆ ಮನೆಯನ್ನು ನಡೆಸಿದ್ದು ಯಾವುದು ಎಂದು ಕೇಳಿದೆ. ಅವಳ ಖಾತೆಗೆ ಬರುವ ಗೃಹಲಕ್ಷ್ಮಿಯ 2,000, ರೇಷನ್ ಅಕ್ಕಿ, ಅತ್ತೆಯ ವೃದ್ಧಾಪ್ಯ ವೇತನ, ಎರಡು ಸೀಮೆ ಹಸು. ಹಾಗೆ ನೋಡಿದರೆ ಕಾಲು ಮುರಿದದ್ದಕ್ಕೆ ಅಂತಲೇ ಇರುವ ದುಡ್ಡಿಗಿಂತ, ಕಾಲಿನ ಸುದ್ದಿಯನ್ನೇ ಕೇಳದ ದುಡ್ಡು ಹೊತ್ತಿಗೆ ಸರಿಯಾಗಿ ಬಂತು. ವಿಧಾನಸೌಧದಲ್ಲಿ ಇದನ್ನು ಯಾರಾದರೂ ಲೆಕ್ಕ ಹಾಕಿದ್ದರೆ ಒಳ್ಳೆಯದು.

ಕೆಲಸ ಹೋದರೆ? ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ತೆಗೆಯುವಂತಿಲ್ಲ ಎಂದು ಕಾನೂನಿದೆ. ಗುತ್ತಿಗೆಯ ಲೋಕದಲ್ಲಿ ಯಾರೂ ತೆಗೆಯುವುದಿಲ್ಲ. ಟೆಂಡರು ಬದಲಾಗುತ್ತದೆ, ಹೊಸಬನ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಆಗ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದಿದೆ. 2018ರಿಂದ ನಡೆಯುತ್ತಿರುವ ಇದರಲ್ಲಿ ನಿರುದ್ಯೋಗಿಯಾದ ವಿಮಾದಾರನಿಗೆ ಸರಾಸರಿ ಗಳಿಕೆಯ ಅರ್ಧ, ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಅದಕ್ಕೂ ಎರಡು ವರ್ಷದ ವಿಮೆ ಬೇಕು. ರಾಜ್ಯದ ಯುವನಿಧಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ಕೊಡುತ್ತದೆ, ಓದು ಮುಗಿಸಿ ಕೆಲಸ ಸಿಗದವರಿಗೆ. ಎಸ್ಸೆಸ್ಸೆಲ್ಸಿ ಓದಿ, ಕೆಲಸ ಸಿಕ್ಕಿ, ಆಮೇಲೆ ಕಳೆದುಕೊಂಡವನ ಹೆಸರು ಬರೆಯಲು ಅದರ ಅರ್ಜಿಯಲ್ಲಿ ಜಾಗವಿಲ್ಲ.

ಎದುರು ಮನೆಯ ಹಿರಿಯನ ಕಥೆಯಲ್ಲಿ ಈ ಯಾವ ಹೆಸರೂ ಬರುವುದಿಲ್ಲ. ಆತ ಹುಣಸೆ ಬಡಿಯುವವನು. ಶಿವರಾತ್ರಿಯ ಸುಮಾರಿಗೆ ಕಾಯಿ ಹಣ್ಣಾಗಿ ಓಡು ಬಿರಿಯುವ ಕಾಲದಲ್ಲಿ, ಗುತ್ತಿಗೆ ಹಿಡಿದವರ ಕಡೆಯಿಂದ ಊರೂರು ಸುತ್ತಿ ಮರ ಹತ್ತುತ್ತಾನೆ. ಕೊಂಬೆಯ ಮೇಲೆ ನಿಂತು ಗಳುವಿನಿಂದ ಬಡಿಯಬೇಕು. ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಈ ಸಲ ಪಕ್ಕದ ಊರಿನ ತೋಟದಲ್ಲಿ ಬಿದ್ದ. ತೊಡೆ ಮತ್ತು ಹಿಮ್ಮಡಿ. ಮರದ ಗುತ್ತಿಗೆಯವನು ಆಸ್ಪತ್ರೆಗಲ್ಲ, ಪುತ್ತೂರು ಕಟ್ಟಿನವರ ಹತ್ತಿರ ಕರೆದುಕೊಂಡು ಹೋದ. ದುಡ್ಡೂ ಅವನೇ ಕೊಟ್ಟ. ಬಟ್ಟೆ, ಬಿದಿರ ದಬ್ಬೆ, ಮೊಟ್ಟೆಯ ಲೋಳೆ, ಎಲೆಯ ರಸ. ಮೂಳೆ ಕೂಡಿದರೆ ಕೂಡೀತು. ಆದರೆ ಪುತ್ತೂರು ಕಟ್ಟಿನಲ್ಲಿ ಚೀಟಿ ಕೊಡುವ ಪದ್ಧತಿಯಿಲ್ಲ. ಮೊಣಕಾಲು ಮಡಚದೆ ಜಗಲಿಯ ಮೇಲೆ ಕಾಲು ನೀಡಿ ಕೂತಿರುವ ಮನುಷ್ಯ, ಕಾಗದದ ಮಟ್ಟಿಗೆ ಎಲ್ಲಿಂದಲೂ ಬಿದ್ದೇ ಇಲ್ಲ.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಈತ ಹತ್ತಿದ್ದು ಹುಣಸೆ. ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಹಿಡಿಯುವ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಅವನ ಖಾತೆಯಲ್ಲೂ ಇದೆ. ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಕಣ್ಣೋ ಪೂರ್ತಿ ಹೋದರೆ 1 ಲಕ್ಷ. ಮುರಿದು ಕೂಡುವ ಕಾಲಿಗೆ ಏನೂ ಇಲ್ಲ. ಇನ್ನು ಅಂಗವಿಕಲ ವೇತನ. ಶೇಕಡ 40ರಿಂದ 74ರವರೆಗಿನ ಊನಕ್ಕೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ನಾಡಕಚೇರಿಯಲ್ಲಿ ಅರ್ಜಿ, ಜೊತೆಗೆ ಆದಾಯ ಪತ್ರ. ಅದಕ್ಕೂ ಮೊದಲು ಯು.ಡಿ.ಐ.ಡಿ. ಕಾರ್ಡು: 40ಕ್ಕಿಂತ ಕಡಿಮೆಯವರಿಗೆ ಬಿಳಿ, ಮೇಲಿನವರಿಗೆ ಹಳದಿ, 80 ದಾಟಿದವರಿಗೆ ನೀಲಿ. ಇಲಾಜು ಮುಗಿದು, ಇನ್ನು ಈ ಕಾಲು ಇಷ್ಟೇ ಎಂದು ವೈದ್ಯರಿಗೆ ಅನ್ನಿಸಿದ ಮೇಲೆಯೇ ಪರ್ಸೆಂಟು ಬರೆಯುವುದು. ವೈದ್ಯಶಾಸ್ತ್ರದ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಅಕ್ಕಿ ಬೇಕಾಗಿರುವುದು ಇಲಾಜು ನಡೆಯುತ್ತಿರುವಾಗ. ವಿಮೆಯ ನೆರಳಿನಲ್ಲಿದ್ದವನಿಗೆ ಜಗ್ಗಾಡಿಯಾದರೂ ಸಿಗುವ ಆ ನಡುವಿನ ತಿಂಗಳುಗಳು, ಈ ಹಿರಿಯನ ಪಾಲಿಗೆ ಯಾವ ಇಲಾಖೆಯ ಸುಪರ್ದಿಗೂ ಸೇರಿಲ್ಲ.

ಸಂಜೆ ನಾನು ಹೊರಟಾಗ ಚೀಲದೊಡತಿ ಜಗಲಿಯ ಆ ಕಡೆ ಕೂತು ಹಿರಿಯನ ಸೊಸೆಗೆ ಪಾಠ ಮಾಡುತ್ತಿದ್ದಳು. ಮುಂದಿನ ಸಲ ಕಟ್ಟು ಬದಲಾಯಿಸುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಬೇಕು. ಮರದಿಂದ ಬಿದ್ದದ್ದು ಅಂತಲೇ ಬರೆಸಬೇಕು, ಯಾರ ತೋಟ, ಯಾವ ದಿನ ಎಂಬುದೂ ಸೇರಬೇಕು. ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಅಂತ ಒಬ್ಬರಿರುತ್ತಾರೆ, ಅಂಗವಿಕಲರ ಕೆಲಸ ನೋಡುವವರು. ಅವರನ್ನು ಈಗಲೇ ಹಿಡಿದುಕೊಳ್ಳಬೇಕು.

"ಎಂಟ್ನೂರು ರೂಪಾಯ್ಗೆ ಇಷ್ಟಾ?" ಎಂದ ಹಿರಿಯ, ಎಲೆಗೆ ಸುಣ್ಣ ಸವರುತ್ತ. "ಕಾಲು ಸರಿಹೋದ್ರೆ ಅದೂ ಇಲ್ಲ ಅಂತೀಯ."

"ಸರಿಹೋಗ್ಲಿ ಮಾವ, ಬ್ಯಾಡ ಅಂದೋರ್ಯಾರು? ಹೋಗ್ದಿದ್ರೆ ಬಸ್ ಪಾಸಾದ್ರೂ ಆಯ್ತದೆ. ನಂಗಾದ್ರೆ ಟಿಕೆಟ್ಟಿಲ್ಲ, ನೀನು ಗಂಡ್ಸು, ದುಡ್ಡು ಕೊಡ್ಬೇಕಲ್ಲ" ಎಂದು ಅವಳು ಎದ್ದು ಹಸುವಿನ ಕಡೆ ಹೋದಳು.